ಎಲೆಗಾಗಿ ನಾಲ್ಕು ನಿಮಿಷ

ಅಕ್ಟೋಬರ್ 28

ತಂಗೀ,

ಕೈಯಲ್ಲಿ ಮೊಬೈಲ್ ಇಟ್ಟುಕೊಂಡು ಕಾಗದ ಬರೆಯುತ್ತಿದ್ದಾಳಲ್ಲ, ಅಕ್ಕನಿಗೆ ಇದೇನು ಹುಚ್ಚು ಎಂದು ನಗಬೇಡ. ನಾನು ಹೊಲಿಗೆ ಅಂಗಡಿಯಲ್ಲಿರುವಷ್ಟು ಹೊತ್ತೂ ನೀನು ವಾರ್ಡಿನಲ್ಲಿ, ನಿನ್ನ ಫೋನು ಲಾಕರಿನಲ್ಲಿ. ನೀನು ಬಿಡುವಾಗುವ ಹೊತ್ತಿಗೆ ನಾನು ಮನೆಯಲ್ಲಿ, ಅಪ್ಪನ ಪಕ್ಕದಲ್ಲಿ. ಅವರ ಕಣ್ಣಿಗೆ ಕನ್ನಡಕ ಬೇಕು, ಕಿವಿ ಮಾತ್ರ ಬೆಕ್ಕಿನದು. ಮೆಸೇಜ್ ಬಂದರಂತೂ ನನಗಿಂತ ಮೊದಲು ಅವರೇ ಓದಿ ಜೋರಾಗಿ ಹೇಳುತ್ತಾರೆ.

ಇಲ್ಲಿ ಎಲೆ ಉದುರುವುದು ಮುಗಿಯುತ್ತಾ ಬಂತು. ಬೆಳಗ್ಗೆ ಗುಡಿಸುವವರು ರಾಶಿ ಹಾಕುತ್ತಾರೆ, ಮಧ್ಯಾಹ್ನಕ್ಕೆ ಗಾಳಿ ಬಂದು ಅದನ್ನೆಲ್ಲ ಮತ್ತೆ ಹಂಚಿಬಿಡುತ್ತದೆ. ಹಗಲು ಚೋಟುದ್ದ ಆಗಿದೆ. ಚಳಿ ಕಂಡದ್ದೇ ತಡ, ಜನಕ್ಕೆ ಕೋಟಿನ ಜಿಪ್ಪು ಕಿತ್ತುಹೋದದ್ದು ನೆನಪಾಗಿದೆ. ಅಂಗಡಿಯಲ್ಲಿ ಒಂಬತ್ತು ಕೋಟು ತೂಗುತ್ತಿವೆ. ಒಂದರ ಜೇಬಿನಲ್ಲಿ ಹೋದ ವರ್ಷದ ಅರ್ಧ ಬಿಸ್ಕತ್ತು ಸಿಕ್ಕಿತು.

ಈಗ ವಿಷಯ. ಅಪ್ಪ ದಿನಾ ಎಂಟೂವರೆಗೆ ಹೊರಗೆ ಹೋಗುತ್ತಾರೆ, ಬರುವಾಗ ಮಧ್ಯಾಹ್ನ. ಶೂ ಒದ್ದೆ, ಪ್ಯಾಂಟಿನ ಅಂಚಿಗೆ ಕೊಳೆತ ಎಲೆ. ಎಲ್ಲಿಗೆ ಎಂದರೆ "ಹೀಗೇ" ಎನ್ನುತ್ತಾರೆ. ಎಡಗೈ ಅಂಗೈ ಮೇಲೆ ಪೆನ್ನಿನಲ್ಲಿ ಏನೇನೋ ಅಂಕಿ ಬರೆದುಕೊಂಡಿರುತ್ತಾರೆ. ನಿನ್ನೆ ನಾನು ನೋಡಿದ್ದು ಗೊತ್ತಾಗಿ ಕೈ ಜೇಬಿಗೆ ಸೇರಿತು. ಪ್ರತಿ ಗುರುವಾರ ರೈಲು ಹತ್ತಿ ಹಳೇ ಗೆಳೆಯನ ಮನೆಗೆ ಚದುರಂಗಕ್ಕೆ ಹೋಗುತ್ತಿದ್ದರಲ್ಲ, ಅದನ್ನೂ ಬಿಟ್ಟಿದ್ದಾರೆ. "ಬೇಜಾರು" ಎಂದರು.

ಅಷ್ಟೇ. ಗಾಬರಿ ಆಗಬೇಡ. ಉತ್ತರವನ್ನು ಅಂಗಡಿಯ ವಿಳಾಸಕ್ಕೆ ಹಾಕು.

ಅಕ್ಕ

&nbsp;

ನವೆಂಬರ್ 1

ಅಕ್ಕಾ,

ಗಾಬರಿ ಆಗಬೇಡ ಎಂದು ಬರೆದ ಕಾಗದವನ್ನು ಯಾರಾದರೂ ಗಾಬರಿಯಾಗದೆ ಓದಿದ್ದುಂಟೇ?

ನನ್ನ ವಾರ್ಡಿನಲ್ಲಿ ಇಪ್ಪತ್ತೆರಡು ಜನ ಅಜ್ಜ ಅಜ್ಜಿಯರಿದ್ದಾರೆ. ಒಬ್ಬೊಬ್ಬರ ಮರೆವೂ ಒಂದೊಂದು ಥರ. ಆದರೆ ಮನೆಯವರು ಹೇಳುವ ಮೊದಲ ಮಾತು ಮಾತ್ರ ಒಂದೇ: "ಸುಮ್ಮಸುಮ್ಮನೆ ಹೊರಗೆ ಹೋಗ್ತಿದ್ರು ಸಿಸ್ಟರ್." ಇಷ್ಟವಾದದ್ದನ್ನು ಬಿಡುವುದು, ಮರೆತುಹೋದೀತೆಂದು ಕೈಮೇಲೆ ಬರೆದುಕೊಳ್ಳುವುದು, ಕೇಳಿದರೆ ಮುಚ್ಚಿಡುವುದು, ಎಲ್ಲಾ ನಾನು ಕಂಡದ್ದೇ. ಅಪ್ಪನಿಗೆ ಎಪ್ಪತ್ತೊಂದು.

ಒಂದು ಕೆಲಸ ಮಾಡು. ಖಾಲಿ ಹಾಳೆ ಕೊಟ್ಟು ಒಂದು ಗಡಿಯಾರ ಬರೆಯಲು ಹೇಳು. ಮುಳ್ಳು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು. ಇದು ಮರೆವಿಗೆ ಮಾಡುವ ಪರೀಕ್ಷೆ, ಹಾಗೆಂದು ಹೇಳಬೇಡ. ನೀನೇ ಏನಾದರೂ ನೆಪ ಹುಡುಕು. ಬರೆದದ್ದನ್ನು ಇದ್ದ ಹಾಗೇ ನನಗೆ ಕಳಿಸು.

ಆಮೇಲೆ ಒಂದು ದಿನ ಹಿಂದೆಯೇ ಹೋಗಿ ನೋಡು, ಅಪ್ಪ ಎಲ್ಲಿಗೆ ಹೋಗುತ್ತಾರೆಂದು.

ಇಲ್ಲಿ ಉದುರಲು ಎಲೆಯೇ ಇಲ್ಲ. ಬರೀ ಸಮುದ್ರ, ಬರೀ ಗಾಳಿ. ಒಣಹಾಕಿದ ಬೆಡ್‌ಶೀಟುಗಳು ದಿನಾ ಪಕ್ಕದ ಕಟ್ಟಡಕ್ಕೆ ವಲಸೆ ಹೋಗುತ್ತವೆ.

ತಂಗಿ

&nbsp;

ನವೆಂಬರ್ 6

ತಂಗೀ,

ಗಡಿಯಾರ ಈ ಲಕೋಟೆಯಲ್ಲಿದೆ. ನೀನು ನೋಡುವ ಮೊದಲು ನಾನೇ ಹೇಳಿಬಿಡುತ್ತೇನೆ, ಅದು ತಪ್ಪಾಗಿದೆ.

ಅಂಗಡಿ ಬಾಗಿಲಿಗೆ ಬೋರ್ಡು ಬೇಕು ಎಂದು ಸುಳ್ಳು ಹೇಳಿದೆ. "ನಾನು ಹೊರಗೆ ಹೋದಾಗ ಹನ್ನೊಂದೂ ಹತ್ತಕ್ಕೆ ವಾಪಸ್ ಬರ್ತೀನಿ ಅಂತ ತೋರಿಸೋ ಒಂದು ಗಡಿಯಾರ ಬರೆದುಕೊಡಿ ಅಪ್ಪಾ" ಎಂದೆ. ಖುಷಿಯಿಂದ ಕೂತರು. ತಟ್ಟೆ ಇಟ್ಟು ಗೆರೆ ಎಳೆದರು. ಹನ್ನೆರಡು ಅಂಕಿಗಳೂ ಅವುಗಳ ಜಾಗದಲ್ಲೇ ಇವೆ. ಆದರೆ ದೊಡ್ಡ ಮುಳ್ಳು ಮೂರರ ಮೇಲಿದೆ, ಹನ್ನೊಂದೂ ಹದಿನೈದು. "ಸರಿಯಾಗಿ ನೋಡಿದ್ರಾ?" ಎಂದೆ. "ಸರಿಯಾಗೇ ಇದೆ, ಹಾಕ್ಕೋ" ಎಂದರು. ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಟೈಮ್‌ಕೀಪರ್ ಆಗಿದ್ದ ಮನುಷ್ಯ! ಡ್ರೈವರುಗಳೆಲ್ಲ "ನಿಮಿಷಪ್ಪ" ಎಂದು ಕರೆಯುತ್ತಿದ್ದ ನಮ್ಮಪ್ಪ ಐದು ನಿಮಿಷ ತಪ್ಪಿದರು. ಹಾಳೆ ಮಡಿಸಿ ಲಕೋಟೆಗೆ ಹಾಕಿದೆ.

ಮರುದಿನ ಹಿಂಬಾಲಿಸಿದೆ. ಇಳಿಜಾರು ರಸ್ತೆಯ ಬಸ್ ಸ್ಟಾಪಿಗೆ ಹೋಗಿ ನಿಂತರು. ಬಸ್ಸು ಬಂತು, ಬಾಗಿಲು ತೆರೆಯಿತು, ಅಪ್ಪ ತಲೆ ಅಲ್ಲಾಡಿಸಿದರು, ಬಾಗಿಲು ಮುಚ್ಚಿತು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ತುಟಿ ಏನೋ ಗುನುಗುತ್ತಿತ್ತು. ಆಮೇಲೆ ಇಳಿಜಾರಿನಲ್ಲಿ ನಡೆದು ಕೆಳಗಿನ ಸ್ಟಾಪಿಗೆ ಹೋದರು. ಅಲ್ಲೂ ಹತ್ತಲಿಲ್ಲ.

ನಾನು ಮರದ ಮರೆಯಲ್ಲಿ ನಿಂತು ಅಳು ನುಂಗುತ್ತಿದ್ದೆ. ಆದರೂ ನಿನಗೊಂದು ಗುಟ್ಟು ಹೇಳಬೇಕು. ಹನ್ನೊಂದು ವರ್ಷದಿಂದ ಈ ಬಡಾವಣೆಯಲ್ಲಿದ್ದೇನೆ, ಆ ರಸ್ತೆಯ ಹಿಂದೆ ಒಂದು ಕೆರೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಎಲೆ ಉದುರಿದ್ದರಿಂದ ಈಗ ಕಾಣುತ್ತಿದೆ. ಒಬ್ಬರು ದೋಣಿಯನ್ನು ಬೋರಲು ಹಾಕಿ ಬಣ್ಣ ಬಳಿಯುತ್ತಿದ್ದರು, ಬಾತುಕೋಳಿಗಳು ಮೇಲ್ವಿಚಾರಣೆ ಮಾಡುತ್ತಿದ್ದವು. ಅಪ್ಪನಿಗೆ ಹೀಗಾಗಿರುವಾಗ ನಾನು ಅದನ್ನು ನೋಡುತ್ತಾ ನಿಂತೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಅಕ್ಕ

&nbsp;

ನವೆಂಬರ್ 10

ಅಕ್ಕಾ,

ಗಡಿಯಾರವನ್ನು ನಮ್ಮ ಡಾಕ್ಟರಿಗೆ ತೋರಿಸಲಿಲ್ಲ. ತೋರಿಸುವುದೇನಿದೆ, ಹದಿನಾಲ್ಕು ವರ್ಷದಿಂದ ನೋಡುತ್ತಿಲ್ಲವೇ. ಬಸ್ಸಿಗೆ ಕಾಯುವುದು, ಬಂದಾಗ ಯಾಕೆ ಕಾಯುತ್ತಿದ್ದೆ ಎನ್ನುವುದೇ ಮರೆತುಹೋಗುವುದು. ಇನ್ನು ಅನುಮಾನವೇ ಬೇಡ.

ಕೇಳು. ನಮ್ಮ ಆಸ್ಪತ್ರೆಗೆ ಸೇರಿದ ಹಿರಿಯರ ನಿವಾಸದಲ್ಲಿ ಒಂದು ಕೋಣೆ ಖಾಲಿಯಾಗಿದೆ. ಇಪ್ಪತ್ತೈದನೇ ತಾರೀಖಿನೊಳಗೆ ಹೇಳದಿದ್ದರೆ ಬೇರೆಯವರ ಪಾಲು. ಅಪ್ಪ ನನ್ನ ಕಣ್ಣೆದುರಿಗೇ ಇರುತ್ತಾರೆ. ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ನಿನ್ನ ಕೆಲಸ ಒಂದೇ, ಅವರನ್ನು ಒಬ್ಬರೇ ಹೊರಗೆ ಬಿಡಬೇಡ. ಹೇಗೆ ಎಂದು ನನ್ನನ್ನು ಕೇಳಬೇಡ, ಬಿಡಬೇಡ ಅಷ್ಟೇ. ನನ್ನ ಮೇಲೆ ಸಿಟ್ಟು ಬಂದರೂ ಪರವಾಗಿಲ್ಲ.

ತಂಗಿ

&nbsp;

ನವೆಂಬರ್ 14

ತಂಗೀ,

ನೀನು ಹೇಳಿದಂತೆಯೇ ನಡೆಯುತ್ತಿದೆ. ಅಪ್ಪ ಎರಡು ದಿನದಿಂದ ಮನೆಯಲ್ಲೇ ಇದ್ದಾರೆ. ಊಟ, ನಿದ್ದೆ ಸರಿಯಾಗಿದೆ. ಮಂಜು ಜಾಸ್ತಿ. ಅಂಗಡಿಯಲ್ಲಿ ಕೆಲಸವೂ ಜಾಸ್ತಿ.

ಅಕ್ಕ

&nbsp;

ನವೆಂಬರ್ 17

ಅಕ್ಕಾ,

ನಿನ್ನ ನಾಲ್ಕು ಸಾಲು ಓದಿ ಎಷ್ಟು ಹಗುರಾಯಿತು ಗೊತ್ತೇ! ಅಪ್ಪ ತಾವಾಗಿಯೇ ಮನೆಯಲ್ಲಿ ಉಳಿದಿದ್ದಾರೆಂದರೆ ಅವರಿಗೂ ದಣಿವಾಗಿದೆ, ಇಲ್ಲಿಗೆ ಬರಲು ತಕರಾರು ಮಾಡುವುದಿಲ್ಲ. ಕೋಣೆ ನೋಡಿಬಂದೆ. ಕಿಟಕಿ ತೆರೆದರೆ ಸಮುದ್ರ. ಗೋಡೆಗೆ ಹೊಸ ಬಣ್ಣ. ಕಿಟಕಿಗೆ ಸರಳಿದೆ, ಆದರೆ ಪರದೆ ಎಳೆದರೆ ಕಾಣುವುದಿಲ್ಲ.

ಮುಂದಿನ ವಾರ ಬಂದು ಕರೆದುಕೊಂಡು ಬರುತ್ತೇನೆ. ಅಷ್ಟರಲ್ಲಿ ಅಪ್ಪನ ಪ್ರತಿಯೊಂದು ಬಟ್ಟೆಗೂ ಒಳಗಡೆ ಹೆಸರಿನ ಪಟ್ಟಿ ಹೊಲಿದಿಡು. ಒಗೆಯುವಾಗ ಎಲ್ಲರದ್ದೂ ಬೆರೆತುಹೋಗುತ್ತದೆ. ಸ್ವೆಟರ್, ಬನಿಯನ್, ಕಾಲುಚೀಲ, ಯಾವುದನ್ನೂ ಬಿಡಬೇಡ. ಈ ಕೆಲಸ ನಿನಗಿಂತ ಚೆನ್ನಾಗಿ ಯಾರು ಮಾಡುತ್ತಾರೆ?

ತಂಗಿ

&nbsp;

ನವೆಂಬರ್ 20

ತಂಗೀ,

ಕುರ್ಚಿ ಎಳೆದುಕೊಂಡು ಕೂತು ಓದು. ನಿಂತುಕೊಂಡು ಓದುವ ಕಾಗದವಲ್ಲ ಇದು.

ಮೊದಲು ನನ್ನ ತಪ್ಪು. "ಮನೆಯಲ್ಲೇ ಇದ್ದಾರೆ" ಎಂದು ಬರೆದೆನಲ್ಲ, ಅದು ಅರ್ಧ ಸತ್ಯ. ಹದಿಮೂರನೇ ತಾರೀಖಿನಿಂದ ಅಂಗಡಿಗೆ ಹೋಗುವಾಗ ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದೆ. ಅಪ್ಪ ಸ್ನಾನಕ್ಕೆ ಹೋದ ಹೊತ್ತು ನೋಡಿ, ಕಳ್ಳಿಯ ಹಾಗೆ, ಸದ್ದಾಗದಂತೆ. ಹೆತ್ತ ಅಪ್ಪನನ್ನು ಕೂಡಿಹಾಕಿದೆ ಎಂದು ನಿನಗೂ ಬರೆಯಲಾಗಲಿಲ್ಲ.

ನಿನ್ನೆ ನಿನ್ನ ಕಾಗದ ಬಂತು. ಬಿಳಿ ಪಟ್ಟಿಯ ಮೇಲೆ ಅಪ್ಪನ ಹೆಸರನ್ನು ದಾರದಲ್ಲಿ ಹೊಲಿದೆ. ಮೊದಲ ಸ್ವೆಟರಿಗೆ ಹಚ್ಚಿದೆ. ಎರಡನೆಯದಕ್ಕೆ ಸೂಜಿ ಹೋಗಲಿಲ್ಲ. ಉಣ್ಣೆಗೆ ಸೂಜಿ ಹೋಗದಿರುತ್ತದೆಯೇ, ನನ್ನ ಕೈಯೇ ನಿಂತುಬಿಟ್ಟಿತ್ತು. ಅಂಗಡಿ ಮುಚ್ಚಿ ಮನೆಗೆ ಓಡಿದೆ. ಬೀಗ ಹಾಕಿದ ಹಾಗೇ ಇತ್ತು. ಒಳಗೆ ಅಪ್ಪ ಇರಲಿಲ್ಲ.

ಅಡುಗೆಮನೆಯ ಕಿಟಕಿ ತೆರೆದಿತ್ತು. ಅದರ ಕೆಳಗೆ ಸ್ಟೂಲು. ಶೂ ತಾಗಿ ಕಟ್ಟೆ ಕೊಳೆಯಾಗದಿರಲೆಂದು ನೀಟಾಗಿ ಪೇಪರು ಹಾಸಿದ್ದರು. ಇಳಿಜಾರು ರಸ್ತೆಗೆ ಓಡಿದೆ, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

ಅಪ್ಪ ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ಬಾ, ಕೂತ್ಕೋ. ಅಂಗಡಿ ಯಾಕೆ ಮುಚ್ಚಿದೆ?" ಎಂದರು.

"ಕಿಟಕಿ ಹಾರಿ ಬಂದ್ರಾ ಅಪ್ಪಾ?"

"ನೀನು ಬೀಗ ಹಾಕಿದ ಮೊದಲನೇ ದಿನದಿಂದಾನೂ ಕಿಟಕೀನೇ. ಮೊಣಕಾಲಿಗೆ ಒಳ್ಳೇ ವ್ಯಾಯಾಮ. ನೀನು ಊಟಕ್ಕೆ ಬರೋದ್ರೊಳಗೆ ಒಳಗೆ ಹೋಗಿ ಕೂತಿರ್ತಿದ್ದೆ." ಕೋಪವೇ ಇರಲಿಲ್ಲ ದನಿಯಲ್ಲಿ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಏನಾದರೂ ಹೇಳೋಣವೆಂದರೆ, "ಶ್! ಈಗ ಬರೋ ಬಸ್ಸು ನೋಡು" ಎಂದರು.

ಬಸ್ಸು ಮೇಲಿನಿಂದ ಇಳಿಯುತ್ತಿತ್ತು, ತುಂಬಿದ ಬಿಂದಿಗೆ ಹಿಡಿದುಕೊಂಡವಳು ಮೆಟ್ಟಿಲಿಳಿಯುವ ಹಾಗೆ. ರಸ್ತೆಯ ತುಂಬಾ ಒದ್ದೆ ಎಲೆ. ಬಸ್ಸು ನಿಂತು ಬಾಗಿಲು ತೆರೆಯಿತು. ಡ್ರೈವರು ಒಬ್ಬ ಹೆಂಗಸು, ನನ್ನ ವಯಸ್ಸಿನವಳು. "ಇವತ್ತೆಷ್ಟು ಸಾರ್?" ಎಂದು ಕೂಗಿದಳು.

ಅಪ್ಪ ಗಡಿಯಾರ ನೋಡಿ ತಲೆ ಅಲ್ಲಾಡಿಸಿದರು. "ನಾಲ್ಕು ನಿಮಿಷ, ಹತ್ತು ಸೆಕೆಂಡು."

"ಬ್ರೇಕ್ ಮುಟ್ಟೋಕೇ ಭಯ ಆಗುತ್ತೆ ಸಾರ್, ಸೋಪಿನ ಮೇಲೆ ಓಡಿಸಿದ ಹಾಗೆ. ಮೇಲಿನವರು ನಾನೇ ಸೋಮಾರಿ ಅಂತಾರೆ."

"ನೀನು ಹೀಗೇ ನಿಧಾನಕ್ಕೆ ಬಾ. ನಿಮಿಷದ ಚಿಂತೆ ನನಗೆ ಬಿಡು." ಅಂಗೈ ಮೇಲೆ ಬರೆದುಕೊಂಡರು. ಮಂಜಿನಲ್ಲಿ ನೋಟ್‌ಬುಕ್ಕು ಒದ್ದೆಯಾಗುತ್ತದಂತೆ, ಮನೆಗೆ ಬಂದು ಅದರಲ್ಲಿ ಇಳಿಸಿಕೊಳ್ಳುತ್ತಾರೆ. ಆಮೇಲೆ ಮನೆಯಲ್ಲಿ ಆ ನೋಟ್‌ಬುಕ್ಕನ್ನೂ ತೋರಿಸಿದರು. ಇಪ್ಪತ್ತಾರು ದಿನ, ಮೂರು ಸ್ಟಾಪು, ದಿನಕ್ಕೆ ಐದು ಬಸ್ಸು. ಅಕ್ಷರ ಮುತ್ತು ಪೋಣಿಸಿದಂತಿದೆ.

ವಿಷಯ ಇಷ್ಟು. ಅಪ್ಪ ಡಿಪೋದಲ್ಲಿದ್ದಾಗ ಪ್ರತಿ ವರ್ಷ ಎಲೆ ಉದುರುವ ಕಾಲಕ್ಕೆ ಈ ರೂಟಿಗೆ ನಾಲ್ಕು ನಿಮಿಷ ಹೆಚ್ಚು ಕೊಡುತ್ತಿದ್ದರು. ಅವರೇ ಅದಕ್ಕೆ "ಎಲೆ ನಿಮಿಷ" ಎಂದು ಹೆಸರಿಟ್ಟಿದ್ದರಂತೆ. ಮರ ಪೂರ್ತಿ ಬೋಳಾಗಿ ರಸ್ತೆ ಒಣಗಿದ ಮೇಲೆ ಅದನ್ನು ತೆಗೆದುಹಾಕುವುದು. ಈಗ ವೇಳಾಪಟ್ಟಿ ಮಾಡುವ ಕಂಪ್ಯೂಟರಿಗೆ ಎಲೆ ಗೊತ್ತಿಲ್ಲ. ಬಸ್ಸು ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲಿನ ಬಾಲ ಕಾಣುತ್ತದೆ. ಅಪ್ಪನ ಚದುರಂಗ ನಿಂತದ್ದು ಹಾಗೆ.

ನಾನು ಹಟಕ್ಕೆ ಬಿದ್ದವಳಂತೆ ಕೇಳಿದೆ, "ಹಾಗಾದ್ರೆ ನನ್ನ ಅಂಗಡಿ ಗಡಿಯಾರ? ಹನ್ನೊಂದೂ ಹತ್ತು ಅಂದ್ರೆ ಹನ್ನೊಂದೂ ಹದಿನೈದು ಯಾಕೆ ಬರೆದ್ರಿ?"

"ಹನ್ನೊಂದೂ ಹತ್ತಕ್ಕೆ ನೀನು ಬರ್ತೀಯ. ಬೀಗ ತೆಗೀಬೇಕು, ದೀಪ ಹಾಕ್ಬೇಕು, ಉಸಿರು ಬಿಡ್ಬೇಕು. ಜನ ಬಂದು ಬಾಗಿಲು ಬಡಿಯೋಕೆ ಮುಂಚೆ ಐದು ನಿಮಿಷ ಬೇಡ್ವಾ? ಇದನ್ನೂ ಬಿಡಿಸಿ ಹೇಳ್ಬೇಕಾ?"

ತಂಗೀ, ಬೆಂಚಿನ ಮೇಲೆ ಕೂತು ನಾನು ನಕ್ಕ ನಗುವಿಗೆ ಬಸ್ಸಿನಿಂದ ಇಳಿದವರು ತಿರುಗಿ ನೋಡಿದರು. ನಾನು ಹೇಳಿದ ಸುಳ್ಳಿಗೆ ಅಪ್ಪ ಸರಿಯಾದ ಉತ್ತರವನ್ನೇ ಬರೆದಿದ್ದರು. ಎತ್ತು ಈಯಿತು ಎಂದು ನಾನು ಬರೆದೆ, ಕೊಟ್ಟಿಗೆಗೆ ಕಟ್ಟು ಎಂದು ನೀನು ಬರೆದೆ. ಹೋದ ಜೀವ ಬಂದಿದೆ ನನಗೆ. ನೀನು ಬರುವುದಾದರೆ ಬಾ, ಆದರೆ ಅಪ್ಪನನ್ನು ಕರೆದೊಯ್ಯಲಿಕ್ಕಲ್ಲ.

ಬೀಗವನ್ನು ಅಂಗಡಿಯ ಗುಂಡಿ ಡಬ್ಬಿಯೊಳಗೆ ಎಸೆದಿದ್ದೇನೆ.

ಅಕ್ಕ

&nbsp;

ನವೆಂಬರ್ 23

ಅಕ್ಕಾ,

ನರ್ಸುಗಳ ಕೋಣೆಯಲ್ಲಿ ಓದಿದೆ. ಮೊದಲು ನಕ್ಕೆ, ಆಮೇಲೆ ಮುಖ ತೊಳೆದುಕೊಳ್ಳಲು ಹೋಗಬೇಕಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ.

ನೀನು ಬೀಗದ ಕಥೆ ಹೇಳಿದೆ. ನನ್ನದು ಅದಕ್ಕಿಂತ ದೊಡ್ಡದು. ಹನ್ನೆರಡನೇ ತಾರೀಖು ನಾನು ನಿವಾಸದ ಅರ್ಜಿಗೆ ಸಹಿ ಹಾಕಿದ್ದೆ. ಅದರಲ್ಲೊಂದು ಸಾಲಿದೆ, "ಹಿರಿಯರ ಒಪ್ಪಿಗೆ ಪಡೆಯಲಾಗಿದೆ" ಎಂದು. ಅದರ ಮುಂದೆ "ಹೌದು" ಎಂದು ಗುರುತು ಹಾಕಿದೆ. ನಿನ್ನನ್ನೂ ಕೇಳಿರಲಿಲ್ಲ.

ಯಾಕೆಂದು ಹೇಳುತ್ತೇನೆ, ಸಮರ್ಥನೆಗಲ್ಲ. ಹೋದ ವರ್ಷ ಇದೇ ಕಾಲದಲ್ಲಿ ನನ್ನ ಪಾಳಿಯಲ್ಲಿ ಒಬ್ಬ ಅಜ್ಜ ಪಕ್ಕದ ಬಾಗಿಲಿನಿಂದ ಹೊರಗೆ ಹೋದರು. ಎಲ್ಲಿಗೆ ಹೊರಟಿರಿ ಎಂದು ನಾನೇ ಕೇಳಿದ್ದೆ. "ಹೀಗೇ" ಎಂದಿದ್ದರು. ಕೆಲಸದ ಗಡಿಬಿಡಿಯಲ್ಲಿ ಬಿಟ್ಟೆ. ಮಾರನೇ ದಿನ ದಂಡೆಯ ಕಲ್ಲುಗಳ ನಡುವೆ ಸಿಕ್ಕರು. ಬದುಕಿದರು, ಆದರೆ ಮತ್ತೆ ನಡೆಯಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ನಿನ್ನ ಮೊದಲ ಕಾಗದದಲ್ಲಿ ಅದೇ ಮಾತು ಕಂಡಾಗ ಮುಂದೆ ನನಗೆ ಅಪ್ಪ ಕಾಣಲೇ ಇಲ್ಲ, ಆ ಅಜ್ಜನೇ ಕಂಡರು.

ನಿನ್ನೆ ಅರ್ಜಿ ವಾಪಸ್ ತೆಗೆದುಕೊಂಡೆ. ಆ ಕೋಣೆಗೆ ನಿಜವಾಗಿ ಬೇಕಾಗಿದ್ದವರೊಬ್ಬರು ಎರಡು ತಿಂಗಳಿಂದ ಕಾಯುತ್ತಿದ್ದರು, ಇವತ್ತು ಅವರ ಪೆಟ್ಟಿಗೆ ಬಂತು. ನನಗೂ ಒಂದು ವರ್ಷದ ಮೇಲೆ ನೆಟ್ಟಗೆ ಉಸಿರು ಬಂತು.

ಅಪ್ಪನಿಗೆ ಇದನ್ನೆಲ್ಲ ಹೇಳಬೇಕೋ ಬೇಡವೋ ನೀನೇ ನೋಡು. ನನಗೆ ಧೈರ್ಯವಿಲ್ಲ.

ತಂಗಿ

&nbsp;

ನವೆಂಬರ್ 27

ತಂಗೀ,

ಹೇಳಿದೆ. ಎಲ್ಲವನ್ನೂ ಹೇಳಿದೆ. ಪರೀಕ್ಷೆಯ ಗಡಿಯಾರ, ನಿನ್ನ ಅರ್ಜಿ, ಆ ಅಜ್ಜ, ನಾನು ಹೊಲಿದ ಹೆಸರಿನ ಪಟ್ಟಿ. ಮನೆಯಲ್ಲಿ ಹೇಳಲಾಗದೆ ಕೆರೆಯ ಹತ್ತಿರ ಕರೆದುಕೊಂಡು ಹೋಗಿದ್ದೆ. ದೋಣಿಗೆ ಬಣ್ಣ ಮುಗಿದಿದೆ, ಹಸಿರು. ನೀರಿನ ಅಂಚಿನಲ್ಲಿ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು, ಅಪ್ಪ ಅದನ್ನು ಶೂ ತುದಿಯಿಂದ ಪಟಪಟ ಒಡೆಯುತ್ತಾ ಕೇಳಿಸಿಕೊಂಡರು.

ಮೊದಲು ಒಳ್ಳೆಯ ಸುದ್ದಿ. ಡಿಪೋದವರು ನೋಟ್‌ಬುಕ್ಕು ನೋಡಿ ಮೂರು ಕಪ್ ಟೀ ಕೊಟ್ಟರಂತೆ. ನಿನ್ನೆಯಿಂದ ಇಳಿಜಾರಿನ ಬಸ್ಸು ನಾಲ್ಕು ನಿಮಿಷ ಮುಂಚೆ ಹೊರಡುತ್ತಿದೆ. ನಿನ್ನೆ ಗುರುವಾರ. ಅಪ್ಪ ರೈಲು ಹಿಡಿದರು, ಚದುರಂಗದಲ್ಲಿ ಸೋತರು, ಗೆಳೆಯ ಮೋಸ ಮಾಡಿದ ಎಂದು ಬೈದುಕೊಳ್ಳುತ್ತಾ ಬಂದರು. ಆ ಬೈಗುಳ ಕೇಳುವುದಕ್ಕೆ ಎಷ್ಟು ಸುಖ!

ಈಗ ಕೆರೆಯ ಹತ್ತಿರ ನಡೆದದ್ದು. ನಿನ್ನ ಮೇಲೆ ರೇಗುತ್ತಾರೆ ಎಂದುಕೊಂಡಿದ್ದೆ. ಅಪ್ಪ ಹೇಳಿದರು:

"ಮೂರು ವಾರ ರೈಲು ತಪ್ಪಿದಾಗ ನನಗೆ ಬಸ್ಸಿನ ಮೇಲೆ ಅನುಮಾನ ಬರ್ಲಿಲ್ಲ ಕಣಮ್ಮ. ನನ್ನ ಮೇಲೇ ಬಂತು. ಜೀವಮಾನವೆಲ್ಲ ನಿಮಿಷ ಎಣಿಸಿದವನು, ಈಗ ಲೆಕ್ಕ ಕೈಕೊಡ್ತಿದೆ ಅನ್ಕೊಂಡೆ. ಬೆಳಗ್ಗೆ ಎದ್ದು ಹಿಂದಿನ ದಿನ ಏನು ತಿಂದೆ ಅಂತ ನೆನಪು ಮಾಡ್ಕೊತಿದ್ದೆ. ಸ್ಟಾಪಿನಲ್ಲಿ ನಿಂತು ಹಳೇ ರೂಟುಗಳನ್ನ ಬಾಯಿಪಾಠ ಹೇಳ್ಕೊತಿದ್ದೆ. ಬಸ್ಸಿನ ಟೈಮು ಬರೆದಿದ್ದು ಬಸ್ಸಿಗೋಸ್ಕರ ಅಲ್ಲ. ನನ್ನ ತಲೆ ನೆಟ್ಟಗಿದೆಯಾ ಅಂತ ನೋಡೋಕೆ. ಒಂಬತ್ತು ದಿನ ನನ್ನ ಗಡಿಯಾರವನ್ನೇ ನಂಬಲಿಲ್ಲ. ಹತ್ತನೇ ದಿನ ಸ್ಟೇಷನ್ನಿನವರ ಹತ್ರ ಬಸ್ಸು ಬಂದ ಟೈಮು ಬರೆಯೋ ಅವರ ಪುಸ್ತಕ ಕೇಳಿ ತಾಳೆ ನೋಡಿದೆ. ಒಂದೇ ಥರ ಇತ್ತು. ತಡ ಆಗಿದ್ದು ನಾನಲ್ಲ, ಬಸ್ಸು. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ."

ತಂಗೀ, ನಾವಿಬ್ಬರೂ ಯಾವುದಕ್ಕೆ ಹೆದರಿ ಕದ್ದು ಕದ್ದು ಬರೆದುಕೊಳ್ಳುತ್ತಿದ್ದೆವೋ, ಅದಕ್ಕೇ ಹೆದರಿಕೊಂಡು ಅವರು ಒಬ್ಬರೇ ಚಳಿಯಲ್ಲಿ ನಿಂತಿದ್ದರು. "ನಮಗ್ಯಾಕೆ ಹೇಳ್ಲಿಲ್ಲ ಅಪ್ಪಾ?" ಎಂದೆ.

"ನೀವು ನನಗೆ ಹೇಳಿದ್ರಾ?" ಎಂದರು.

ಇದಕ್ಕೆ ನಿನ್ನಲ್ಲಿ ಉತ್ತರವಿದ್ದರೆ ಬರೆ.

ಎದ್ದು ಹೊರಡುವಾಗ ನನ್ನ ತೋಳು ಹಿಡಿದುಕೊಂಡರು. "ಈ ಸಲ ಬಸ್ಸು. ಮುಂದೊಂದು ದಿನ ನಾನೇ ಆಗಬಹುದು, ಅದೇನು ಅಸಾಧ್ಯ ಅಲ್ಲ. ಅವತ್ತು ಕೋಣೆ ಬೇಕಾದ್ರೂ ನೋಡಿ, ಪಟ್ಟಿ ಬೇಕಾದ್ರೂ ಹೊಲೀರಿ. ಆದ್ರೆ ಮೊದಲು ನನಗೆ ಹೇಳಿ. ಎಷ್ಟು ಉಳಿದಿರುತ್ತೋ ಅಷ್ಟರಲ್ಲೇ ಅರ್ಥ ಮಾಡ್ಕೊತೀನಿ. ತಂಗಿಗೂ ಇದನ್ನೇ ಬರೆ."

ಬರೆದಿದ್ದೇನೆ. ನಿನ್ನ ಪರವಾಗಿಯೂ ನಾನೇ ಮಾತು ಕೊಟ್ಟಿದ್ದೇನೆ, ತಪ್ಪಬೇಡ. ಇನ್ನು ಮೇಲೆ ಕಾಗದವನ್ನು ಮನೆಯ ವಿಳಾಸಕ್ಕೇ ಹಾಕು. ಇದನ್ನು ಅಂಚೆ ಡಬ್ಬಿಗೆ ಹಾಕಲು ಅಪ್ಪನೇ ಹೊರಟಿದ್ದಾರೆ, ಬಾಗಿಲಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದಾರೆ. ಲಕೋಟೆಯನ್ನು ಅಂಟಿಸದೆ ಅವರ ಕೈಗೆ ಕೊಡುತ್ತಿದ್ದೇನೆ.

ಅಕ್ಕ